ಡಿಪ್ಲೊಮಾ ಓದಿದರೆ ಪೊಲೀಸ್ ಆಗಬಹುದೇ?

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ಪೊಲೀಸ್ ಆಗಲೇಬೇಕೆಂಬ ಹಟ. ಅಮೆರಿಕದಲ್ಲಿ ಟೆಕ್ನಿಕಲ್ ಕಾಲೇಜಿನಲ್ಲೇ ಪೊಲೀಸ್ ಕೋರ್ಸ್ ಇರುತ್ತದಂತೆ. ನಮ್ಮಲ್ಲೂ ಇದೆಯೇ? ಕುಶಾಲನಗರದ ಪಾಲಿಟೆಕ್ನಿಕ್‌ಗೆ ಸೇರಿಸಿದರೆ ಆ ದಾರಿ ಮುಚ್ಚಿಹೋಗುತ್ತದೆಯೇ?

ಉತ್ತರ: ಮುಚ್ಚುವುದಿಲ್ಲ. ಆದರೆ ಅಲ್ಲಿನ ಕ್ರಮ ಬೇರೆ, ಇಲ್ಲಿನದು ಬೇರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಮೊದಲು ಕಾಲೇಜಿನಲ್ಲಿ ತರಬೇತಿ, ಆಮೇಲೆ ಕೆಲಸ ಹುಡುಕುವುದು. ವಿಸ್ಕಾನ್ಸಿನ್‌ನಲ್ಲಿ 720 ಗಂಟೆಗಳ ಪೊಲೀಸ್ ತರಬೇತಿಯನ್ನು ಟೆಕ್ನಿಕಲ್ ಕಾಲೇಜುಗಳೇ ಕೊಡುತ್ತವೆ. ಕರ್ನಾಟಕದಲ್ಲಿ ಮೊದಲು ನೇಮಕಾತಿ, ಆಮೇಲೆ ಸಂಬಳದ ಜೊತೆಗೇ ತರಬೇತಿ. ಹಾಗಾಗಿ 'ಪೊಲೀಸ್ ಕೋರ್ಸ್' ಎಂದು ಬೋರ್ಡು ಹಾಕಿಕೊಂಡು ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ, ಆ ಸರ್ಟಿಫಿಕೇಟಿನಿಂದ ನೇಮಕಾತಿಯಲ್ಲಿ ಒಂದು ಅಂಕವೂ ಹೆಚ್ಚುವುದಿಲ್ಲ.

ಸಿವಿಲ್ ಕಾನ್‌ಸ್ಟೆಬಲ್ (ಠಾಣೆಯ ಕಾನ್‌ಸ್ಟೆಬಲ್) ಹುದ್ದೆಗೆ ಪಿಯುಸಿ ಅಥವಾ ತತ್ಸಮಾನ ವಿದ್ಯಾರ್ಹತೆ ಬೇಕು. ಎಸ್ಸೆಸ್ಸೆಲ್ಸಿ ನಂತರದ 3 ವರ್ಷದ ಡಿಪ್ಲೊಮಾವನ್ನು ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ತತ್ಸಮಾನವೆಂದು ಎಣಿಸುತ್ತಾರೆ. ಆದರೂ ಅರ್ಜಿ ಹಾಕುವಾಗ ಅಧಿಸೂಚನೆಯ ವಿದ್ಯಾರ್ಹತೆ ಭಾಗವನ್ನು ಒಂದಲ್ಲ ಎರಡು ಸಲ ಓದಿ. ಸಶಸ್ತ್ರ ಕಾನ್‌ಸ್ಟೆಬಲ್‌ಗೆ ಎಸ್ಸೆಸ್ಸೆಲ್ಸಿ ಸಾಕು. ಪಿಎಸ್‌ಐಗೆ (ಪೊಲೀಸ್ ಸಬ್‌ಇನ್‌ಸ್ಪೆಕ್ಟರ್) ಪದವಿಯೇ ಬೇಕು, ಬರೀ ಡಿಪ್ಲೊಮಾ ನಡೆಯುವುದಿಲ್ಲ. ಡಿಸಿಇಟಿ (ಡಿಪ್ಲೊಮಾ ಮುಗಿಸಿದವರಿಗಿರುವ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ ನೇರವಾಗಿ ಸೇರಿದರೆ ಇನ್ನು ಮೂರೇ ವರ್ಷ. 16ಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿದವನು 22ಕ್ಕೆ ಪದವೀಧರ. ಪಿಎಸ್‌ಐಗೆ ಕನಿಷ್ಠ ವಯಸ್ಸು 21, ಆದ್ದರಿಂದ ಹೊತ್ತು ಮೀರಿರುವುದಿಲ್ಲ.

ಡಿಪ್ಲೊಮಾಗೆ ನಿಜವಾದ ಬೆಲೆ ಇರುವುದು ಕೇಂದ್ರ ಪಡೆಗಳ ತಾಂತ್ರಿಕ ಹುದ್ದೆಗಳಲ್ಲಿ. ಪಿಯುಸಿ ಓದಿದವರ ಕಣ್ಣಿಗೆ ಇವು ಬೀಳುವುದೇ ಇಲ್ಲ. 2023ರ ಸಿಆರ್‌ಪಿಎಫ್ ಸಿಗ್ನಲ್ ವಿಭಾಗದ ನೇಮಕಾತಿಯಲ್ಲಿ ಎಎಸ್‌ಐ (ಟೆಕ್ನಿಕಲ್), ಅಂದರೆ ಸಹಾಯಕ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗೆ ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಡಿಪ್ಲೊಮಾ ಅರ್ಹತೆಯಾಗಿತ್ತು. ಬಿಎಸ್‌ಎಫ್‌ನ ಎಸ್‌ಐ (ವರ್ಕ್ಸ್) ಹುದ್ದೆಗೆ ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಕೇಳುತ್ತಾರೆ. ಡಿಪ್ಲೊಮಾದ ಬಲದಿಂದಲೇ ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯಲ್ಲಿ ಒಳಗೆ ಹೋಗಬಹುದು ಎನ್ನುವುದನ್ನು ಬ್ರಾಂಚ್ ಆರಿಸುವಾಗಲೇ ಯೋಚಿಸಿ.

ಇನ್ನು ಮೈದಾನದ ಮಾತು. ಸಿವಿಲ್ ಕಾನ್‌ಸ್ಟೆಬಲ್‌ಗೆ ಲಿಖಿತ ಪರೀಕ್ಷೆ ಮೊದಲು: 100 ಅಂಕ, 90 ನಿಮಿಷ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪಾಲಿಟೆಕ್ನಿಕ್ ಹುಡುಗರು ಲೆಕ್ಕ, ತಾರ್ಕಿಕ ಪ್ರಶ್ನೆಗಳನ್ನು ಸಲೀಸಾಗಿ ಬಿಡಿಸಿ ಇತಿಹಾಸ, ಸಂವಿಧಾನದಲ್ಲಿ ಎಡವುತ್ತಾರೆ. ಡಿಪ್ಲೊಮಾದ ಮೂರು ವರ್ಷ ಆ ಪುಸ್ತಕಗಳನ್ನು ಹೆಚ್ಚಾಗಿ ಮುಟ್ಟಿರುವುದಿಲ್ಲವಲ್ಲ!

ಪಾಸಾದ ಮೇಲೆ ದೇಹದಾರ್ಢ್ಯ. ಹುಡುಗರಿಗೆ ಎತ್ತರ 168 ಸೆಂ.ಮೀ., 1600 ಮೀಟರ್ ಓಟ 6 ನಿಮಿಷ 30 ಸೆಕೆಂಡಿನೊಳಗೆ, ಉದ್ದಜಿಗಿತ 3.80 ಮೀಟರ್ ಅಥವಾ ಎತ್ತರಜಿಗಿತ 1.20 ಮೀಟರ್, 7.26 ಕೆ.ಜಿ. ಗುಂಡನ್ನು 5.60 ಮೀಟರ್ ಎಸೆಯಬೇಕು. ಹುಡುಗಿಯರಿಗೆ 157 ಸೆಂ.ಮೀ., 400 ಮೀಟರ್ ಓಟಕ್ಕೆ 2 ನಿಮಿಷ, 4 ಕೆ.ಜಿ. ಗುಂಡು 3.75 ಮೀಟರ್. ಜೇನುಕುರುಬ, ಯರವ ಮುಂತಾದ ಬುಡಕಟ್ಟು ಅಭ್ಯರ್ಥಿಗಳಿಗೆ ಎತ್ತರದಲ್ಲಿ ರಿಯಾಯಿತಿ ಇದೆ. ಗೊತ್ತಿಲ್ಲದೆ ಅರ್ಜಿಯನ್ನೇ ಹಾಕದವರು ಹಾಡಿಗಳಲ್ಲಿ ಇರಬಹುದು, ಹೇಳಿ.

1600 ಮೀಟರ್ ಎಂದರೆ 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ ಹೆಚ್ಚೆಂದರೆ 97 ಸೆಕೆಂಡು. ಸೋಲುವವರು ಬಹುತೇಕ ಮೊದಲ ಸುತ್ತನ್ನು 75 ಸೆಕೆಂಡಿಗೇ ಮುಗಿಸಿ ಮೂರನೇ ಸುತ್ತಿನಲ್ಲಿ ಬಸವಳಿಯುತ್ತಾರೆ. ಪ್ರತಿ ಸುತ್ತಿಗೂ 94-95 ಹಿಡಿದು ಅಭ್ಯಾಸ ಮಾಡಿಸಿ. ಹಾಕಿ ಆಡುತ್ತೇನೆ, ಓಟ ಏನು ಮಹಾ ಎನ್ನುವ ಮಾತು ನಮ್ಮ ಕಡೆ ಸಾಮಾನ್ಯ. ಹಾಕಿಯಲ್ಲಿ ಓಡಿ ನಿಲ್ಲುತ್ತೀರಿ, ಇಲ್ಲಿ ನಿಲ್ಲುವಂತಿಲ್ಲ. ಮಡಿಕೇರಿಯ ಏರಿಳಿತದ ರಸ್ತೆ ದಮ್ಮು ಬೆಳೆಸುತ್ತದೆ, ಆದರೆ ಸಮಯ ಅಳೆಯಲು ಬರುವುದಿಲ್ಲ. ಅದಕ್ಕೆ ಸಮತಟ್ಟಾದ ಮೈದಾನವೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನವೆಲ್ಲ ಕೆಸರು, ಆಗ ಮೆಟ್ಟಿಲು ಹತ್ತುವುದು, ಸ್ಕಿಪ್ಪಿಂಗ್ ಮಾಡಿಸಿ. ಸಿದ್ದಾಪುರ, ತಿತಿಮತಿ ಕಡೆಯವರಾದರೆ ಬೆಳಕು ಹರಿಯುವ ಮುಂಚೆ ತೋಟದ ರಸ್ತೆಯಲ್ಲಿ ಓಡಬೇಡಿ. ಆನೆಗೆ ನಿಮ್ಮ ಸ್ಟಾಪ್‌ವಾಚ್ ಗೊತ್ತಿಲ್ಲ.

ಗುಂಡು ಎಸೆತದಲ್ಲಿ ಕ್ರಿಕೆಟ್ ಚೆಂಡಿನ ಹಾಗೆ ಕೈ ಹಿಂದಕ್ಕೆ ಒಯ್ದು ಬೀಸಿದರೆ ಫೌಲ್. ಕುತ್ತಿಗೆಗೆ ಒತ್ತಿ ಹಿಡಿದು, ಸೊಂಟ ತಿರುಗಿಸಿ ಕಾಲಿನ ಬಲದಿಂದ ಮುಂದಕ್ಕೆ ನೂಕಬೇಕು.

ಡಿಪ್ಲೊಮಾ ಜ್ಞಾನ ಇಲಾಖೆಯೊಳಗೂ ಕೆಲಸಕ್ಕೆ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕ್ರಿಮಿನಲ್ ಕಾನೂನುಗಳ ಪ್ರಕಾರ ಜಪ್ತಿ ಮಾಡುವಾಗ ವಿಡಿಯೊ ಚಿತ್ರೀಕರಣ ಕಡ್ಡಾಯ. ಡಿಜಿಟಲ್ ದಾಖಲೆ ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ (ಫೈಲು ತಿದ್ದಿದರೆ ಬದಲಾಗುವ, ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು. ಐಟಿ ಕಾಯ್ದೆಯಡಿ ತನಿಖೆ ಮಾಡುವುದು ಇನ್‌ಸ್ಪೆಕ್ಟರ್ ದರ್ಜೆಯವರೇ ಆದರೂ, ಸೈಬರ್ ಠಾಣೆಯಲ್ಲಿ ಫೋನ್, ಹಾರ್ಡ್ ಡಿಸ್ಕ್ ಕೈಯಲ್ಲಿ ಹಿಡಿದು ದುಡಿಯುವವರು ಕೆಳಗಿನ ಸಿಬ್ಬಂದಿ.

ಕೊನೆಗೆ ಕಾಗದಪತ್ರ. ಅರ್ಜಿಯ ಕೊನೆಯ ದಿನಕ್ಕೆ ಡಿಪ್ಲೊಮಾ ಫಲಿತಾಂಶ ಬಂದಿರಬೇಕು. ಒಂದು ಬ್ಯಾಕ್‌ಲಾಗ್ ಉಳಿದಿದ್ದರೂ ಆ ವರ್ಷ ಹೋಯಿತು. ಜಾತಿ, ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನೂ ಆ ದಿನಕ್ಕೆ ಮುಂಚೆಯೇ ಪಡೆದಿರಬೇಕು. ಕೊಡಗಿನಲ್ಲಿ ಇನ್ನೊಂದು ತೊಡಕು: ಆಧಾರ್‌ನಲ್ಲಿ ಒಕ್ಕದ (ಮನೆತನದ) ಹೆಸರು ಪೂರ್ತಿ ಇರುತ್ತದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಆಧಾರ್ ತಿದ್ದಿಸಿಕೊಳ್ಳುವುದು ಸುಲಭ. ಈ ವರ್ಷವೇ, ಪಾಲಿಟೆಕ್ನಿಕ್ ದಾಖಲಾತಿಗೆ ಮೊದಲೇ ಮಾಡಿಸಿಬಿಡಿ. ಆಗ ಡಿಪ್ಲೊಮಾ ಅಂಕಪಟ್ಟಿಯಲ್ಲೂ ಅದೇ ಹೆಸರು ಬರುತ್ತದೆ.