ಐಡಿಯಾಲಜಿ: ಜೈಲಿನಲ್ಲಿ ಮೊಳೆತ ಪದ

‘ಅವರ ಐಡಿಯಾಲಜಿ ನಂಗೆ ಒಪ್ಪಿಗೆ ಇಲ್ಲ’ ಅನ್ನೋ ಮಾತು ಚುನಾವಣೆ ಹತ್ತಿರ ಬಂದಾಗ ಜಾಸ್ತಿ ಕೇಳುತ್ತದೆ. ಒಂದು ಪಕ್ಷ ಗಟ್ಟಿಯಾಗಿ ಹಿಡಿದ ಸಿದ್ಧಾಂತ ಅಂತ ನಮಗೆ ಅದರ ಅರ್ಥ. ಪದ ಕಟ್ಟಿದವನ ಮನಸ್ಸಿನಲ್ಲಿದ್ದದ್ದು ಮಾತ್ರ ಬೇರೆಯೇ.

ಆತ ಆಂತ್ವಾನ್ ದೆಸ್ತ್ಯೂತ್ ದ ತ್ರಾಸಿ. 1754ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ, ‘ಕೌಂಟ್’ ಬಿರುದಿನ ಕುಲೀನ, ಸೇನೆಯಲ್ಲಿ ಕರ್ನಲ್. 1789ರಲ್ಲಿ, ಫ್ರೆಂಚ್ ಕ್ರಾಂತಿ ಶುರುವಾದ ವರ್ಷ, ರಾಜ ಕರೆದ ಪ್ರತಿನಿಧಿಗಳ ಸಭೆಗೆ ಕುಲೀನರ ಪರವಾಗಿ ಹೋಗಿ, ಸಾಮಾನ್ಯ ಜನರ ಕಡೆ ಸೇರಿಕೊಂಡ. ಆದರೂ 1793ರ ಕೊನೆಗೆ ಕ್ರಾಂತಿ ಸರ್ಕಾರ ಅವನನ್ನು ಜೈಲಿಗೆ ಹಾಕಿತು. ಹೊರಗೆ ಗಿಲೊಟಿನ್ ತಲೆ ಕಡಿಯುತ್ತಿತ್ತು. ಒಳಗೆ ಈತ, ಅನುಭವದಿಂದಲೇ ಜ್ಞಾನ ಅಂದ ತತ್ವಜ್ಞಾನಿಗಳಾದ ಲಾಕ್, ಕೊಂದಿಯಾಕ್ ಇವರನ್ನು ಓದುತ್ತ, ಯೋಚನೆ ಅಂದರೆ ಏನು ಅಂತ ಬರೆದುಕೊಳ್ಳುತ್ತ ಕೂತಿದ್ದ. ಸಾವಿನ ಸರದಿ ಕಾಯುತ್ತ ಹಾಗೆ ಕೂರೋದು ಸುಮ್ನೆ ಮಾತಲ್ಲ. 1794ರ ಜುಲೈನಲ್ಲಿ ಆ ಸರ್ಕಾರದ ಮುಖ್ಯ ನಾಯಕ ರೋಬೆಸ್‌ಪಿಯರ್ ಅಧಿಕಾರದಿಂದ ಬಿದ್ದ. ತ್ರಾಸಿ ಬದುಕಿಕೊಂಡ.

1796ರಲ್ಲಿ ಪ್ಯಾರಿಸ್‌ನ ರಾಷ್ಟ್ರೀಯ ವಿದ್ವತ್ ಸಂಸ್ಥೆಯಲ್ಲಿ ಪ್ರಬಂಧ ಓದುವಾಗ ಈ ಹೊಸ ಪದ ಇಟ್ಟ. ಬಯಾಲಜಿ ಜೀವಿಗಳ ಶಾಸ್ತ್ರವಾದರೆ ಐಡಿಯಾಲಜಿ ಐಡಿಯಾಗಳ ಶಾಸ್ತ್ರ, ಅಷ್ಟೇ. ಸೈಕಾಲಜಿ ಅನ್ನೋ ಪದ ಅವನಿಗೆ ಬೇಡವಾಗಿತ್ತು. ಅದರ ಬೇರು ‘ಆತ್ಮ’. ಆತ್ಮ ಏನು ಅಂತ ತಿಳಿದವರ ಹಾಗೆ ಮಾತಾಡೋದು ಸರಿಯಲ್ಲ ಅನ್ನೋದು ಅವನ ನಿಲುವು.

ಮಾವಿನಕಾಯಿ ಕಚ್ಚಿ ನೋಡಿ. ನಾಲಿಗೆ ಚುರ್ರೆನ್ನುತ್ತದೆ. ಮೊನ್ನೆ ತಿಂದದ್ದು ನೆನಪಾಗುತ್ತದೆ. ಇದು ಅದಕ್ಕಿಂತ ಹುಳಿ ಅನ್ನಿಸುತ್ತದೆ. ಉಪ್ಪು ಖಾರ ಬೇಕೆನಿಸುತ್ತದೆ. ಅನುಭವ, ನೆನಪು, ತೀರ್ಮಾನ, ಬಯಕೆ. ತ್ರಾಸಿ ಪ್ರಕಾರ ಎಂಥ ದೊಡ್ಡ ವಿಚಾರವೂ ಈ ನಾಲ್ಕರಿಂದಲೇ ಬೆಳೆದದ್ದು. ಹಾಗಾಗಿ ಐಡಿಯಾಲಜಿ ಪ್ರಾಣಿಶಾಸ್ತ್ರದ ಒಂದು ಭಾಗ ಅಂತಲೇ ಬರೆದ. ಯಾವ ನಂಬಿಕೆಯನ್ನೂ ಹೀಗೆ ಬಿಡಿಸಿ ನೋಡಬಹುದು ಅನ್ನೋ ಧೈರ್ಯ ಅದರಲ್ಲಿದೆ, ಅಲ್ವಾ? ನನಗೆ ಇಷ್ಟವಾಗೋದು ಅದೇ.

ಪದದ ಅರ್ಥ ತಿರುಗಿಸಿದವನು ನೆಪೋಲಿಯನ್. ಮೊದಲು ತ್ರಾಸಿ ಮತ್ತು ಅವನ ಜೊತೆಗಾರರ ಗುಂಪಿನ ಜೊತೆ ಚೆನ್ನಾಗಿಯೇ ಇದ್ದ. ಅಧಿಕಾರ ಕೈಗೆ ಬಂದ ಮೇಲೆ ಅವರ ಪ್ರಶ್ನೆಗಳನ್ನು ಸಹಿಸಲಿಲ್ಲ. ‘ಐಡಿಯಾಲಜಿಯವರು’ ಅನ್ನೋದನ್ನು ಬೈಗುಳ ಮಾಡಿಕೊಂಡ. 1803ರಲ್ಲಿ, ತ್ರಾಸಿ ಪ್ರಬಂಧ ಓದಿದ್ದ ಆ ವಿದ್ವತ್ ಸಂಸ್ಥೆಯ ನೈತಿಕ, ರಾಜಕೀಯ ಶಾಸ್ತ್ರಗಳ ವಿಭಾಗವನ್ನೇ ಮುಚ್ಚಿಸಿದ. 1812ರಲ್ಲಿ ರಷ್ಯಾದಿಂದ ಸೋತು ಬಂದು, ಫ್ರಾನ್ಸಿನ ಕಷ್ಟಕ್ಕೆಲ್ಲ ಐಡಿಯಾಲಜಿಯೇ ಕಾರಣ ಅಂದ.

ತ್ರಾಸಿ 1836ರಲ್ಲಿ ತೀರಿಕೊಂಡ. ಹತ್ತು ವರ್ಷ ಕಳೆಯುವಷ್ಟರಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಇದೇ ಪದವನ್ನು, ನಿಜ ಸ್ಥಿತಿಯನ್ನು ತಲೆಕೆಳಗಾಗಿ ತೋರಿಸುವ ವಿಚಾರಗಳಿಗೆ ಬಳಸಿದರು. ನಮ್ಮ ಟಿವಿ ಚರ್ಚೆಗಳಿಗೆ ಬಂದಿರೋದು ಈ ದಾರಿಯಲ್ಲಿ ಬಂದ ಐಡಿಯಾಲಜಿ, ತ್ರಾಸಿಯದ್ದಲ್ಲ.