ಕಡಿಮೆ ದರದವನಿಗೇ ಟೆಂಡರ್: ಈ ಜಗಳಕ್ಕೆ 2,200 ವರ್ಷ

ಟೆಂಡರ್ ತೆರೆಯುವ ದಿನ ಎಲ್ಲರ ಕಣ್ಣೂ ಒಂದೇ ಅಂಕಿಯ ಮೇಲೆ. ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರ ಹೇಳಿದವನು, ಯಾರು? ಅವನಿಗೇ ಕೆಲಸ. ಇದು ಈಚಿನ ಪದ್ಧತಿಯೇನಲ್ಲ.

ಹಳೆಯ ರೋಮ್‌ನಲ್ಲಿ ಸರ್ಕಾರಿ ಗುತ್ತಿಗೆ ಹರಾಜಿನಲ್ಲಿ ಹೋಗುತ್ತಿತ್ತು. ಹರಾಜಿನ ಜಾಗಕ್ಕೆ ಗುರುತು, ನೆಲಕ್ಕೆ ನೆಟ್ಟ ಒಂದು ಈಟಿ. ಕ್ರಿ.ಪೂ. 184ರಲ್ಲಿ ಕೇಟೊ ಎಂಬ ಅಧಿಕಾರಿ ಸರ್ಕಾರಿ ಕೆಲಸಗಳನ್ನು ತೀರಾ ಕಡಿಮೆ ದರಕ್ಕೆ ವಹಿಸಿದ. ಗುತ್ತಿಗೆದಾರರು ಸೆನೆಟ್ ಮುಂದೆ ಹೋಗಿ ಅತ್ತರು. ಸೆನೆಟ್ ಕರಗಿತು, ಮತ್ತೆ ಹರಾಜು ಹಾಕಿ ಎಂದಿತು. ಕೇಟೊ ಬಿಡುವ ಆಸಾಮಿಯೇ? ಮೊದಲ ಹರಾಜು ಕೆಡಿಸಿದವರು ಈಟಿಯ ಹತ್ತಿರ ಸುಳಿಯಬಾರದು ಎಂದು ಆಜ್ಞೆ ಹೊರಡಿಸಿಯೇ ಮರುಹರಾಜು ನಡೆಸಿದ. ಇಂದಿನ ರೀ-ಟೆಂಡರ್, ಕಪ್ಪುಪಟ್ಟಿ ಎರಡೂ ಅಲ್ಲೇ ಇವೆ ಅಲ್ವಾ?

ತೀರಾ ಕಡಿಮೆ ದರ ಬೇಡ ಎನ್ನುವವರ ವಾದವನ್ನು ಚೆನ್ನಾಗಿ ಹೇಳಿದವನು ಫ್ರಾನ್ಸ್‌ನ ಕೋಟೆ ಎಂಜಿನಿಯರ್ ವೊಬಾನ್. 1683ರಲ್ಲಿ ಯುದ್ಧಮಂತ್ರಿಗೆ ಬರೆದ ಪತ್ರದಲ್ಲಿ ಆತ ಕೇಳಿಕೊಂಡದ್ದು ಇಷ್ಟೇ: ಕೆಲಸಕ್ಕೆ ತಕ್ಕ ಬೆಲೆ ಕೊಡಿ. ದರ ಇಳಿಸಲು ಮತ್ತೆ ಮತ್ತೆ ಹರಾಜು ಹಾಕಿದರೆ ಬರುವವರು ದಿಕ್ಕುಗೆಟ್ಟವರು, ಮೋಸಗಾರರು. ಕೆಲಸ ಬಲ್ಲವರು ದೂರ ಸರಿಯುತ್ತಾರೆ. ನಷ್ಟಕ್ಕೆ ಬಿದ್ದ ಗುತ್ತಿಗೆದಾರ ನೀರಲ್ಲಿ ಮುಳುಗುವವನ ಹಾಗೆ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಾನೆ. ಕೂಲಿ ಸರಿಯಾಗಿ ಕೊಡುವುದಿಲ್ಲ, ಸಾಮಾನೂ ಕಳಪೆಯದನ್ನೇ ಹಾಕುತ್ತಾನೆ. ಕಳಪೆ ಕಾಮಗಾರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕ 1809ರಲ್ಲೇ ಜಾಹೀರಾತು ಕೊಟ್ಟು ದರ ಕರೆಯುವ ದಾರಿಯನ್ನು ಕಾನೂನಿಗೆ ಸೇರಿಸಿತು. 1861ರಲ್ಲಿ ಜಾಹೀರಾತು ಕಡ್ಡಾಯವಾಯಿತು, ಆದರೆ ತುರ್ತು ಖರೀದಿಗೆ ವಿನಾಯಿತಿ. ಮರುತಿಂಗಳೇ ಅಂತರ್ಯುದ್ಧ! ಆಗ ಎಲ್ಲವೂ ತುರ್ತೇ. ಚಿಂದಿಬಟ್ಟೆಯಿಂದ ನೇಯ್ದ ಸಮವಸ್ತ್ರಗಳು ಸೈನಿಕರ ಮೈಮೇಲೇ ಹರಿದವು. ಸುಳ್ಳು ಬಿಲ್ ಮಾಡುವವರನ್ನು ಹಿಡಿಯಲು 1863ರಲ್ಲಿ ಬೇರೆಯೇ ಕಾನೂನು ಬರಬೇಕಾಯಿತು.

ಆಮೇಲಿನದು ಬಹುಪಾಲು ತೇಪೆ ಹಾಕಿದ ಕಥೆ. ವಿಶ್ವಸಂಸ್ಥೆ 1994ರಲ್ಲಿ ಮಾದರಿ ಕಾನೂನು ಕೊಟ್ಟು, 2011ರಲ್ಲಿ ಅದನ್ನು ಪರಿಷ್ಕರಿಸಿತು. ಅನುಮಾನ ಬರುವಷ್ಟು ಕಡಿಮೆ ದರ ಬಂದರೆ ವಿವರಣೆ ಕೇಳಿ, ಒಪ್ಪಿಗೆಯಾಗದಿದ್ದರೆ ತಿರಸ್ಕರಿಸಬಹುದು ಎಂದಿತು. ಯುರೋಪಿಯನ್ ಒಕ್ಕೂಟದ 2014ರ ನಿಯಮಗಳು ಬೆಲೆಯ ಜೊತೆಗೆ ಗುಣಮಟ್ಟ, ನಿರ್ವಹಣೆ ಖರ್ಚನ್ನೂ ತೂಗಲು ಹೇಳುತ್ತವೆ. ಎರಡು ಲಕೋಟೆ ಪದ್ಧತಿಯಲ್ಲಂತೂ ಮೊದಲು ತಾಂತ್ರಿಕ ಲಕೋಟೆ. ಅದರಲ್ಲಿ ಪಾಸಾದವರ ದರ ಮಾತ್ರ ತೆರೆಯುವುದು.

ಆದರೆ ಗುಣಮಟ್ಟಕ್ಕೆ ಅಂಕ ಹಾಕುವವರು ಯಾರು? ಅಲ್ಲಿ ತಮಗೆ ಬೇಕಾದವನನ್ನು ಸುಮ್ನೆ ಮೇಲೆ ತರಬಹುದು. ದರವಾದರೆ ಬರೀ ಅಂಕಿ, ಯಾರು ಓದಿದರೂ ಒಂದೇ. ಎಲ್-1ಗೆ ಕೊಟ್ಟರೆ ಆಡಿಟ್‌ನವರೂ ಜಾಸ್ತಿ ಕೇಳುವುದಿಲ್ಲ. ಬೇರೆಯವರಿಗೆ ಕೊಟ್ಟ ಅಧಿಕಾರಿ ಮಾತ್ರ ಕಾರಣವನ್ನು ಪುಟಗಟ್ಟಲೆ ಬರೆದಿಡಬೇಕು.