ವರ್ಡ್ ಫೈಲ್ ತೆರೆಯಲು ತಡವೇ? ಅದು ಯಾರನ್ನು ಕಾಯುತ್ತಿದೆ ನೋಡಿ

ಹತ್ತೇ ಪುಟದ ವರದಿ, ಗಾತ್ರ 200 ಕೆಬಿ ಕೂಡ ಇಲ್ಲ. ಆದರೂ ಡಬಲ್ ಕ್ಲಿಕ್ ಮಾಡಿ ಒಂದು ನಿಮಿಷ ಕಳೆದರೂ ಅಕ್ಷರ ಕಾಣುವುದಿಲ್ಲ. ಇಂಥ ಫೈಲ್ ಎದುರಾದಾಗ ಬಹಳ ಮಂದಿ ಬೈಯುವುದು ಕಂಪ್ಯೂಟರನ್ನು. ರ‍್ಯಾಮ್ ಹೆಚ್ಚಿಸುತ್ತಾರೆ, ಆಫೀಸ್ ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುತ್ತಾರೆ. ಸಾಮಾನ್ಯವಾಗಿ ಎರಡರಿಂದಲೂ ಪ್ರಯೋಜನವಾಗುವುದಿಲ್ಲ. ಏಕೆಂದರೆ ಆ ಹೊತ್ತಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿರುವುದಿಲ್ಲ, ಬೇರೆಲ್ಲಿಂದಲೋ ಬರಬೇಕಾದ ಉತ್ತರಕ್ಕೆ ಕಾಯುತ್ತಿರುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಟಾಸ್ಕ್ ಮ್ಯಾನೇಜರ್ ಸಾಕು. ಕಂಟ್ರೋಲ್+ಶಿಫ್ಟ್+ಎಸ್ಕೇಪ್ ಒತ್ತಿ ಅದನ್ನು ಪಕ್ಕದಲ್ಲಿ ಇಟ್ಟುಕೊಂಡು ಫೈಲ್ ತೆರೆಯಿರಿ. ವರ್ಡ್‌ನ ಸಾಲಿನಲ್ಲಿ ಸಿಪಿಯು ಬಳಕೆ ಸೊನ್ನೆಯ ಆಸುಪಾಸಿನಲ್ಲೇ ನಿಂತಿದ್ದರೆ ಅದು ಕಾಯುತ್ತಿದೆ ಎಂದರ್ಥ. ಸಿಪಿಯು ಒಂದೇ ಸಮನೆ ದುಡಿಯುತ್ತಿದ್ದರೆ ರೋಗವೇ ಬೇರೆ: ಭಾರೀ ಕೋಷ್ಟಕಗಳು, ತಿದ್ದುಪಡಿಗಳನ್ನು ದಾಖಲಿಸುವ ಟ್ರ್ಯಾಕ್ ಚೇಂಜಸ್ ವರ್ಷಗಟ್ಟಲೆ ಸೇರಿಸಿಟ್ಟ ಗುರುತುಗಳು, ಅಂಥವು. ನೀವು ತೆರೆಯದಿದ್ದರೂ ಎಕ್ಸೆಲ್ ಪಟ್ಟಿಯಲ್ಲಿ ಪ್ರತ್ಯಕ್ಷವಾದರೆ, ಡಾಕ್ಯುಮೆಂಟಿನೊಳಗಿನ ಲಿಂಕ್, ಅಂದರೆ ಬೇರೆ ಫೈಲಿನಿಂದ ಮಾಹಿತಿ ತರುವ ಕೊಂಡಿ, ಅದನ್ನು ಎಬ್ಬಿಸಿದೆ.

ಎರಡನೆಯ ಪರೀಕ್ಷೆ ಇನ್ನೂ ನೇರ. ಫೈಲಿನ ಒಂದು ಪ್ರತಿಯನ್ನು ಡೆಸ್ಕ್‌ಟಾಪ್‌ಗೆ ತಂದುಕೊಳ್ಳಿ. ವೈಫೈ ಆರಿಸಿ, ನೆಟ್‌ವರ್ಕ್ ಕೇಬಲ್ ಇದ್ದರೆ ಕಿತ್ತು, ಆ ಪ್ರತಿಯನ್ನು ತೆರೆಯಿರಿ. ಈಗ ಥಟ್ಟನೆ ತೆರೆದುಕೊಂಡರೆ ತಪ್ಪು ಹೆಚ್ಚಾಗಿ ಹೊರಗಿನ ಲಿಂಕ್‌ನದ್ದು. ನೆಟ್‌ವರ್ಕ್ ಇಲ್ಲದಾಗ ವೇಗ, ಇದ್ದಾಗ ನಿಧಾನ ಎಂಬುದು ವಿಚಿತ್ರವಾಗಿ ಕಂಡರೂ ಕಾರಣ ಸರಳ.

ನಿಮ್ಮದೇ ಡಿಸ್ಕ್‌ನಲ್ಲಿ ಇಲ್ಲದ ಫೈಲ್ ಕೇಳಿದರೆ ವಿಂಡೋಸ್ ಕೆಲವೇ ಮಿಲಿಸೆಕೆಂಡುಗಳಲ್ಲಿ ‘ಇಲ್ಲ’ ಎಂದುಬಿಡುತ್ತದೆ. ಎರಡು ಓರೆಗೆರೆಗಳಿಂದ (\\) ಶುರುವಾಗುವ ಸರ್ವರ್ (ಎಲ್ಲರಿಗೂ ಫೈಲ್ ಒದಗಿಸುವ ಕಚೇರಿಯ ಯಂತ್ರ) ವಿಳಾಸ ಕೇಳಿದರೆ ಹಾಗಲ್ಲ. ಮೊದಲು ಆ ಹೆಸರಿನ ಯಂತ್ರ ಎಲ್ಲಿದೆ ಎಂದು, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ವಿಚಾರಣೆ. ಅಲ್ಲಿ ಸಿಗದಿದ್ದರೆ ಸ್ಥಳೀಯ ನೆಟ್‌ವರ್ಕಿನ ಯಂತ್ರಗಳಿಗೆಲ್ಲ ಕೂಗು. ವಿಳಾಸ ಸಿಕ್ಕಿಯೂ ಯಂತ್ರ ಆರಿದ್ದರೆ ಇನ್ನೂ ಕೆಟ್ಟದ್ದು: ಎರಡು ಯಂತ್ರಗಳ ನಡುವಿನ ಸಂಪರ್ಕ (ಟಿಸಿಪಿ) ಶುರುಮಾಡಲು ಕಳಿಸುವ ಮೊದಲ ಸಂದೇಶಕ್ಕೆ ಉತ್ತರ ಬರದಿದ್ದಾಗ ವಿಂಡೋಸ್ ಅದನ್ನು ಮತ್ತೆ ಕಳಿಸುತ್ತದೆ, ಪ್ರತಿ ಸಲ ಕಾಯುವ ಅವಧಿಯನ್ನು ದುಪ್ಪಟ್ಟು ಮಾಡುತ್ತಾ. ಹಿಂದಿನಿಂದ ಬಂದ ಲೆಕ್ಕದಲ್ಲಿ 3, 6, 12 ಸೆಕೆಂಡು, ಒಟ್ಟು 21. ಆ ಮೇಲೂ ಬಿಡದೆ ಅದೇ ಹೆಸರನ್ನು ವೆಬ್‌ಡಾವ್ ಎಂಬ ಇನ್ನೊಂದು ದಾರಿಯಲ್ಲಿ ಪ್ರಯತ್ನಿಸುವುದೂ ಉಂಟು. ನೆಟ್‌ವರ್ಕ್ ಪೂರ್ತಿ ಆರಿಸಿದಾಗ ಹೊರಗೆ ಹೋಗಲು ದಾರಿಯೇ ಇಲ್ಲವೆಂದು ವಿಂಡೋಸ್‌ಗೆ ಮೊದಲೇ ಗೊತ್ತಿರುತ್ತದೆ, ಆದ್ದರಿಂದ ಕೂಡಲೇ ಕೈಚೆಲ್ಲುತ್ತದೆ. ಅಂದರೆ ಬದುಕಿರುವ ಸರ್ವರ್‌ಗೆ ಹೋಗುವ ಇಪ್ಪತ್ತು ಲಿಂಕ್‌ಗಳಿಗಿಂತ, ಎಂದೋ ತೆಗೆದುಹಾಕಿದ ಸರ್ವರ್‌ನ ಹೆಸರು ಹೊತ್ತ ಒಂದೇ ಲಿಂಕ್ ಹೆಚ್ಚು ಸಮಯ ತಿನ್ನಬಲ್ಲದು. ಕಚೇರಿಯ ಸರ್ವರ್ ಬದಲಾದ ಕೆಲವು ದಿನಗಳಲ್ಲೇ ಹಳೆಯ ಫೈಲುಗಳೆಲ್ಲ ಒಟ್ಟಿಗೆ ಮಂದವಾಗುವುದು ಇದಕ್ಕೇ.

ಹಾಗಾದರೆ ಡಾಕ್ಯುಮೆಂಟಿನೊಳಗೆ ಹೊರಗಿನ ವಿಳಾಸ ಎಲ್ಲೆಲ್ಲಿ ಅಡಗಿರುತ್ತದೆ? ನೀಲಿ ಅಕ್ಷರದ ಹೈಪರ್‌ಲಿಂಕ್ ಮೇಲೆ ಅನುಮಾನ ಬೇಡ. ನೀವು ಕ್ಲಿಕ್ ಮಾಡುವವರೆಗೆ ವರ್ಡ್ ಅದರ ಗೊಡವೆಗೆ ಹೋಗುವುದಿಲ್ಲ.

ಮೊದಲು ನೋಡಬೇಕಾದದ್ದು, ಆದರೆ ಬಹುತೇಕರು ಕೊನೆಗೆ ನೋಡುವುದು, ಟೆಂಪ್ಲೇಟನ್ನು, ಅಂದರೆ ಡಾಕ್ಯುಮೆಂಟ್ ಶುರುಮಾಡಲು ಬಳಸಿದ ಮಾದರಿ ಫೈಲನ್ನು. ಯಾವ ಟೆಂಪ್ಲೇಟ್‌ನಿಂದ ಡಾಕ್ಯುಮೆಂಟ್ ಹುಟ್ಟಿತೋ ಅದರ ಪೂರ್ತಿ ವಿಳಾಸ ಫೈಲಿನಲ್ಲೇ ಉಳಿದಿರುತ್ತದೆ, ಪ್ರತಿ ಸಲ ತೆರೆಯುವಾಗಲೂ ವರ್ಡ್ ಅದನ್ನು ಹುಡುಕಿಕೊಂಡು ಹೋಗುತ್ತದೆ. ಪುಟದಲ್ಲಿ ಇದರ ಸುಳಿವೇ ಇರುವುದಿಲ್ಲ. ‘ಲಿಂಕ್ ಅಪ್‌ಡೇಟ್ ಮಾಡಬೇಡ’ ಎಂಬ ಸೆಟ್ಟಿಂಗ್ ಕೂಡ ಇದಕ್ಕೆ ಅನ್ವಯಿಸುವುದಿಲ್ಲ. ಲಿಂಕ್‌ಗಳನ್ನೆಲ್ಲ ಕತ್ತರಿಸಿದರೂ ಫೈಲ್ ಇನ್ನೂ ನಿಧಾನ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಸರಿಪಡಿಸಲು ಡೆವಲಪರ್ ಟ್ಯಾಬ್‌ನಲ್ಲಿ ಡಾಕ್ಯುಮೆಂಟ್ ಟೆಂಪ್ಲೇಟ್ ಒತ್ತಿ. ಆ ಟ್ಯಾಬ್ ಕಾಣದಿದ್ದರೆ ಫೈಲ್ ಮೆನುವಿನ ಆಪ್ಷನ್ಸ್‌ನ ಕಸ್ಟಮೈಸ್ ರಿಬ್ಬನ್‌ನಲ್ಲಿ ಅದಕ್ಕೆ ಟಿಕ್ ಹಾಕಬೇಕು. ತೆರೆದ ಕಿಟಕಿಯ ಮೇಲ್ಗಡೆ ಟೆಂಪ್ಲೇಟಿನ ವಿಳಾಸ ಕಾಣುತ್ತದೆ. ಅದನ್ನು ಅಳಿಸಿ ಓಕೆ ಕೊಟ್ಟರೆ ವರ್ಡ್‌ನದೇ ಸಾಮಾನ್ಯ ಮಾದರಿಯಾದ ನಾರ್ಮಲ್ ಟೆಂಪ್ಲೇಟ್ ಅಂಟಿಕೊಳ್ಳುತ್ತದೆ. ಡಾಕ್ಯುಮೆಂಟಿನ ಸ್ಟೈಲ್‌ಗಳು ಅದರೊಳಗೇ ಇರುವುದರಿಂದ ರೂಪ ಕೆಡುವುದಿಲ್ಲ. ಆದರೆ ‘ಆಟೋಮ್ಯಾಟಿಕಲಿ ಅಪ್‌ಡೇಟ್ ಡಾಕ್ಯುಮೆಂಟ್ ಸ್ಟೈಲ್ಸ್’ ಚೌಕದಲ್ಲಿ ಟಿಕ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಇಲ್ಲದಿದ್ದರೆ ನಾರ್ಮಲ್‌ನ ಸ್ಟೈಲ್‌ಗಳು ಬಂದು ಫಾಂಟ್, ಅಂತರ ಎಲ್ಲವನ್ನೂ ಬದಲಿಸಿಬಿಡುತ್ತವೆ. ಹಳೆಯ ಟೆಂಪ್ಲೇಟಿನಲ್ಲಿ ಮ್ಯಾಕ್ರೋಗಳಿದ್ದರೆ (ಕೆಲಸವನ್ನು ತಾನಾಗಿ ಮಾಡುವ ಸಣ್ಣ ಪ್ರೋಗ್ರಾಂಗಳು) ಅವು ಇನ್ನು ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಇನ್ನು ಪುಟದೊಳಗಿನ ಲಿಂಕ್‌ಗಳು. ಫೈಲ್ ಮೆನುವಿನ ಇನ್ಫೋ ಪುಟದಲ್ಲಿ, ಬಲಬದಿಯ ಕೆಳಗೆ ‘ಎಡಿಟ್ ಲಿಂಕ್ಸ್ ಟು ಫೈಲ್ಸ್’ ಎಂಬ ಸಾಲಿರುತ್ತದೆ. ಲಿಂಕ್ ಇರುವ ಡಾಕ್ಯುಮೆಂಟಿನಲ್ಲಿ ಮಾತ್ರ ಅದು ಕಾಣುವುದು. ಒತ್ತಿದರೆ ಮೂಲ ಫೈಲುಗಳ ಪಟ್ಟಿ ಬರುತ್ತದೆ. ಪ್ರತಿ ಲಿಂಕ್‌ಗೂ ಮೂರು ಸ್ಥಿತಿ: ತಾನಾಗಿ ಅಪ್‌ಡೇಟ್ ಆಗುವುದು, ಕೇಳಿದಾಗ ಮಾತ್ರ ಆಗುವುದು, ಬೀಗ ಹಾಕಿರುವುದು. ಮೂಲದ ಅಗತ್ಯ ಮುಗಿದಿದ್ದರೆ ‘ಬ್ರೇಕ್ ಲಿಂಕ್’ ಕೊಡಿ. ಕೊನೆಯ ಬಾರಿ ಬಂದ ಅಂಕಿಗಳು, ಕೋಷ್ಟಕ ಇದ್ದ ಹಾಗೇ ಉಳಿಯುತ್ತವೆ. ಫೈಲ್ ಸೇವ್ ಮಾಡಿ ಮುಚ್ಚಿದ ಮೇಲೆ ಇದಕ್ಕೆ ಮರುದಾರಿ ಇಲ್ಲ, ಪ್ರತಿ ಇಟ್ಟುಕೊಂಡೇ ಮಾಡಿ. ಅಗತ್ಯ ಇನ್ನೂ ಇದ್ದರೆ ‘ಮ್ಯಾನ್ಯುವಲ್’ಗೆ ಬದಲಿಸಿ, ಮುದ್ರಿಸುವ ಮುನ್ನ ಲಿಂಕ್ ಮೇಲೆ ನಿಂತು ಎಫ್9 ಒತ್ತಿದರಾಯಿತು.

ಆಪ್ಷನ್ಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ, ಜನರಲ್ ಶೀರ್ಷಿಕೆಯಡಿ ‘ಅಪ್‌ಡೇಟ್ ಆಟೋಮ್ಯಾಟಿಕ್ ಲಿಂಕ್ಸ್ ಅಟ್ ಓಪನ್’ ಎಂಬ ಚೌಕವೂ ಇದೆ. ಟಿಕ್ ತೆಗೆದರೆ ನಿಮ್ಮ ಯಂತ್ರದಲ್ಲಿ ಎಲ್ಲ ಫೈಲುಗಳಿಗೂ ಅನ್ವಯ. ಆದರೆ ಅದು ಯಂತ್ರದ ಸೆಟ್ಟಿಂಗ್, ಫೈಲಿನದ್ದಲ್ಲ. ಅದೇ ಫೈಲನ್ನು ಸಹೋದ್ಯೋಗಿಗೆ ಕಳಿಸಿದರೆ ಅವರ ಕಡೆ ಮತ್ತೆ ಅದೇ ಪಾಡು. ಹಂಚುವ ಫೈಲಾದರೆ ಲಿಂಕ್‌ನ ಸ್ಥಿತಿಯನ್ನೇ ಬದಲಿಸುವುದು ಸರಿ.

ಎಕ್ಸೆಲ್‌ನಿಂದ ಪೇಸ್ಟ್ ಸ್ಪೆಷಲ್ ಮೂಲಕ ತಂದ ಲಿಂಕ್‌ಗಳಲ್ಲಿ ಮೂಲ ಫೈಲ್ ಜೀವಂತವಾಗಿದ್ದರೂ ತಡವಾಗುತ್ತದೆ. ಪ್ರತಿ ಲಿಂಕ್ ಅಪ್‌ಡೇಟ್ ಆಗುವಾಗಲೂ ವರ್ಡ್ ಹಿನ್ನೆಲೆಯಲ್ಲಿ ಎಕ್ಸೆಲನ್ನು ಕರೆದು ವರ್ಕ್‌ಬುಕ್ ತೆರೆಸಬೇಕು, ಬೇಕಾದ ಕೋಶಗಳನ್ನು ಪಡೆಯಬೇಕು. ಒಂದೇ ವರ್ಕ್‌ಬುಕ್‌ಗೆ 40 ಲಿಂಕ್‌ಗಳಿದ್ದರೆ ಈ ಓಡಾಟ ಮತ್ತೆ ಮತ್ತೆ. ಇದಕ್ಕೆ ಸುಲಭದ ಉಪಾಯ: ವರ್ಡ್ ಫೈಲಿಗಿಂತ ಮೊದಲು ಆ ವರ್ಕ್‌ಬುಕ್ಕನ್ನು ಎಕ್ಸೆಲ್‌ನಲ್ಲಿ ನೀವೇ ತೆರೆದಿಡಿ. ತೆರೆದಿರುವ ಪ್ರತಿಯಿಂದಲೇ ಎಲ್ಲ ಲಿಂಕ್‌ಗಳೂ ತುಂಬಿಕೊಳ್ಳುವುದರಿಂದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒನ್‌ಡ್ರೈವ್ ಫೋಲ್ಡರಿನ ವರ್ಕ್‌ಬುಕ್‌ಗೆ ಲಿಂಕ್ ಕೊಟ್ಟಾಗ ಡಿಸ್ಕಿನ ವಿಳಾಸದ ಬದಲು ವೆಬ್ ವಿಳಾಸ ದಾಖಲಾಗಿರಬಹುದು. ಆಗ ಪ್ರತಿ ಅಪ್‌ಡೇಟ್ ಇಂಟರ್ನೆಟ್ ದಾಟಿ ಬರಬೇಕು.

ಆಲ್ಟ್+ಎಫ್9 ಒತ್ತಿದರೆ ಫಲಿತಾಂಶದ ಜಾಗದಲ್ಲಿ ಫೀಲ್ಡ್ ಕೋಡ್‌ಗಳು, ಅಂದರೆ ಅಲ್ಲಿ ಏನನ್ನು ತೋರಿಸಬೇಕೆಂದು ವರ್ಡ್‌ಗೆ ಹೇಳುವ ಸೂಚನೆಗಳು, ಕಾಣುತ್ತವೆ. ಎಕ್ಸೆಲ್ ಲಿಂಕ್‌ಗಳು, ವೆಬ್ ಪುಟದಿಂದ ನಕಲು ಮಾಡಿ ಅಂಟಿಸುವಾಗ ಜೊತೆಗೆ ನುಸುಳಿದ ಚಿತ್ರಗಳು ಇಲ್ಲಿ ತಮ್ಮ ಪೂರ್ತಿ ವಿಳಾಸದೊಂದಿಗೆ ಸಿಕ್ಕಿಬೀಳುತ್ತವೆ. ಒಂದನ್ನು ಆಯ್ದು ಕಂಟ್ರೋಲ್+ಶಿಫ್ಟ್+ಎಫ್9 ಒತ್ತಿದರೆ ಫೀಲ್ಡ್ ಹೋಗಿ ಅದರ ಫಲಿತಾಂಶ ಮಾತ್ರ ಉಳಿಯುತ್ತದೆ. ಅವಸರದಲ್ಲಿ ಇಡೀ ಡಾಕ್ಯುಮೆಂಟ್ ಆಯ್ದು ಈ ಕೀಲಿ ಒತ್ತಬೇಡಿ: ಪರಿವಿಡಿ, ಚಿತ್ರ ಸಂಖ್ಯೆಗಳು, ಅಡ್ಡ ಉಲ್ಲೇಖಗಳೆಲ್ಲ ಫೀಲ್ಡ್‌ಗಳೇ. ಒಮ್ಮೆ ಸಾದಾ ಅಕ್ಷರವಾದವೆಂದರೆ ಮುಂದೆ ತಿದ್ದಿದಾಗ ಅವು ಬದಲಾಗುವುದಿಲ್ಲ. ಕಂಟ್ರೋಲ್+ಎ ಹೆಡರ್, ಫುಟರ್, ಟೆಕ್ಸ್ಟ್ ಬಾಕ್ಸ್‌ಗಳ ಒಳಗನ್ನು ಮುಟ್ಟುವುದಿಲ್ಲ ಎಂಬುದೂ ಗೊತ್ತಿರಲಿ. ಲೋಗೋ ಚಿತ್ರ ಸಾಮಾನ್ಯವಾಗಿ ಇರುವುದು ಹೆಡರಿನಲ್ಲೇ.

ಈ ವಿಧಾನಕ್ಕೆ ಒಂದು ಕುರುಡು ಜಾಗವಿದೆ. ಈಗಿನ ಡಾಕ್ಸ್ (.docx) ಫೈಲಿನಲ್ಲಿ ‘ಲಿಂಕ್ ಟು ಫೈಲ್’ ಆಯ್ಕೆಯಿಂದ ಸೇರಿಸಿದ ಚಿತ್ರ ಫೀಲ್ಡ್ ಆಗಿ ಉಳಿಯುವುದಿಲ್ಲ, ಆದ್ದರಿಂದ ಆಲ್ಟ್+ಎಫ್9ಗೆ ಅದು ಕಾಣದು. ಅದಕ್ಕೆ ಲಿಂಕ್‌ಗಳ ಪಟ್ಟಿಗೇ ಹೋಗಬೇಕು. ಅಲ್ಲಿ ‘ಸೇವ್ ಪಿಕ್ಚರ್ ಇನ್ ಡಾಕ್ಯುಮೆಂಟ್’ ಚೌಕ ಖಾಲಿ ಇದ್ದರೆ ಚಿತ್ರದ ದತ್ತಾಂಶ ಫೈಲಿನಲ್ಲಿ ಇಲ್ಲವೇ ಇಲ್ಲ. ಮೂಲ ಸಿಗುವಾಗಲೇ ಆ ಟಿಕ್ ಹಾಕಿ, ಆಮೇಲೆ ಲಿಂಕ್ ಕತ್ತರಿಸಿ. ಕ್ರಮ ತಪ್ಪಿದರೆ ಚಿತ್ರ ಹೋದಂತೆಯೇ.

ಮೇಲ್ ಮರ್ಜ್‌ಗೆ (ಒಂದೇ ಪತ್ರವನ್ನು ಹಲವರ ಹೆಸರಿಗೆ ಸಿದ್ಧಪಡಿಸುವುದು) ಬಳಸಿದ್ದ ಪತ್ರವಾದರೆ ಅದು ಹಳೆಯ ವಿಳಾಸಪಟ್ಟಿಯನ್ನು ಹುಡುಕುತ್ತಿರಬಹುದು. ಮೇಲಿಂಗ್ಸ್ ಟ್ಯಾಬ್‌ನ ಸ್ಟಾರ್ಟ್ ಮೇಲ್ ಮರ್ಜ್‌ನಲ್ಲಿ ‘ನಾರ್ಮಲ್ ವರ್ಡ್ ಡಾಕ್ಯುಮೆಂಟ್’ ಆರಿಸಿದರೆ ಮುಗಿಯಿತು.

ಫೈಲ್ ತೆರೆಯುವುದೇ ಕಷ್ಟವಾದಾಗ ಹೊರಗಿನಿಂದಲೇ ರಿಪೇರಿ ಸಾಧ್ಯ. ಡಾಕ್ಸ್ ಎಂಬುದು ನಿಜದಲ್ಲಿ ಒಂದು ಜಿಪ್ ಕಟ್ಟು, ಒಳಗೆ ಎಕ್ಸ್‌ಎಂಎಲ್ ಕಡತಗಳು. ಪ್ರತಿಯ ಹೆಸರಿನ ಬಾಲವನ್ನು (.docx) ಜಿಪ್ (.zip) ಎಂದು ಬದಲಿಸಿ ತೆರೆಯಿರಿ. ‘ವರ್ಡ್’ ಫೋಲ್ಡರಿನೊಳಗೆ ‘ರೆಲ್ಸ್’ (_rels) ಎಂಬ ಫೋಲ್ಡರ್ ಇದೆ. ಹೊರಗಿನ ವಿಳಾಸಗಳು ಹೆಚ್ಚಾಗಿ ಅಲ್ಲಿ, ‘ಎಕ್ಸ್‌ಟರ್ನಲ್’ ಎಂಬ ಗುರುತು ಹೊತ್ತು ಕೂತಿರುತ್ತವೆ. ‘ಡಾಕ್ಯುಮೆಂಟ್’ ಹೆಸರಿನ ಕಡತದಲ್ಲಿ ಚಿತ್ರ ಮತ್ತು ಎಕ್ಸೆಲ್ ಲಿಂಕ್‌ಗಳು, ‘ಸೆಟ್ಟಿಂಗ್ಸ್’ ಹೆಸರಿನದರಲ್ಲಿ ಟೆಂಪ್ಲೇಟ್, ಹೆಡರಿನ ಚಿತ್ರಗಳಿಗೆ ಪ್ರತ್ಯೇಕ ಕಡತ. ಕಡತವನ್ನು ಹೊರಗೆಳೆದು ನೋಟ್‌ಪ್ಯಾಡ್‌ನಲ್ಲಿ ಹಳೆಯ ಸರ್ವರ್ ಹೆಸರಿನ ಜಾಗಕ್ಕೆ ಹೊಸದನ್ನು ಹಾಕಿ, ಮತ್ತೆ ಅದೇ ಜಾಗಕ್ಕೆ ಸೇರಿಸಿ, ಬಾಲ ಸರಿಪಡಿಸಿ. ವಿಳಾಸದಲ್ಲಿ ಖಾಲಿ ಜಾಗವಿರುವಲ್ಲಿ %20 ಎಂದಿರುತ್ತದೆ, ಅದನ್ನು ಹಾಗೇ ಬಿಡಿ. ಸಾಲನ್ನೇ ಅಳಿಸಬೇಡಿ. ಅದರ ಗುರುತಿನ ಸಂಖ್ಯೆಯನ್ನು ಮುಖ್ಯ ಕಡತ ಇನ್ನೂ ಕೇಳುತ್ತಿರುತ್ತದೆ, ಸಿಗದಿದ್ದರೆ ಫೈಲ್ ಹಾಳಾಗಿದೆ ಎಂದು ವರ್ಡ್ ದೂರುತ್ತದೆ. ಪೂರ್ತಿ ಬಿಚ್ಚಿ ಹೊರಗಿನ ಫೋಲ್ಡರನ್ನೇ ಜಿಪ್ ಮಾಡಿದರೂ ಅದೇ ಗತಿ, ಏಕೆಂದರೆ ಒಳಗಿನ ಕಡತಗಳು ಆಗ ಒಂದು ಮೆಟ್ಟಿಲು ಕೆಳಗೆ ಜಾರಿರುತ್ತವೆ.

ಈ ‘ಎಕ್ಸ್‌ಟರ್ನಲ್’ ಸಾಲುಗಳನ್ನು ದಾಳಿಕೋರರೂ ಬಲ್ಲರು. 2022ರಲ್ಲಿ ಬಯಲಾದ ಫೊಲಿನಾ ದೋಷದಲ್ಲಿ, ಡಾಕ್ಯುಮೆಂಟ್ ತೆರೆದಾಗ ವರ್ಡ್ ತಾನೇ ಹೊರಗಿನ ವಿಳಾಸದಿಂದ ಪುಟವೊಂದನ್ನು ತರುವಂತೆ ಮಾಡಿದ್ದು ಇಂಥದೇ ಒಂದು ಸಾಲು. ಅಪರಿಚಿತರ ಫೈಲು ‘ಲಿಂಕ್ ಅಪ್‌ಡೇಟ್ ಮಾಡಲೇ’ ಎಂದು ಕೇಳಿದರೆ ಬೇಡ ಎನ್ನುವುದೇ ಸರಿ.

ಲಿಬ್ರೆ ಆಫೀಸ್ ರೈಟರ್‌ನಲ್ಲಿ ಲಿಂಕ್‌ಗಳ ಪಟ್ಟಿ ಎಡಿಟ್ ಮೆನುವಿನಲ್ಲಿದೆ. ಟೂಲ್ಸ್ ಮೆನುವಿನ ಆಪ್ಷನ್ಸ್‌ನಲ್ಲಿ, ರೈಟರ್‌ನ ಜನರಲ್ ಪುಟದಲ್ಲಿ, ತೆರೆಯುವಾಗ ಲಿಂಕ್ ಅಪ್‌ಡೇಟ್ ಯಾವಾಗಲೂ ಬೇಕೋ, ಕೇಳಿ ಮಾಡಬೇಕೋ, ಬೇಡವೇ ಬೇಡವೋ ಎಂದು ಹೇಳಬಹುದು.

ಇಷ್ಟಾದರೂ ಯಾವ ವಿಳಾಸ ಕಾಡುತ್ತಿದೆ ಎಂದು ತಿಳಿಯದಿದ್ದರೆ ಮೈಕ್ರೋಸಾಫ್ಟ್‌ನ ಉಚಿತ ಪ್ರಾಸೆಸ್ ಮಾನಿಟರ್ ಬಳಸಿ. ವರ್ಡ್‌ನ ಚಟುವಟಿಕೆ ಮಾತ್ರ ಕಾಣುವಂತೆ ಸೋಸಿ, ಫೈಲ್ ತೆರೆದು, ಎರಡು ಓರೆಗೆರೆಗಳಿಂದ ಶುರುವಾಗುವ ವಿಳಾಸಗಳನ್ನು ಹುಡುಕಿ. ‘ಬ್ಯಾಡ್ ನೆಟ್‌ವರ್ಕ್ ಪಾತ್’ ಎಂದು ಮುಗಿದ ಸಾಲಿನಲ್ಲಿ ಅಪರಾಧಿಯ ಹೆಸರು ಪೂರ್ತಿ ಇರುತ್ತದೆ. ಅಂಥ ಸಾಲೇ ಸಿಗದಿದ್ದರೆ ಡಾಕ್ಯುಮೆಂಟನ್ನು ಬಿಟ್ಟು ಪ್ರಿಂಟರ್ ಕಡೆ ನೋಡಿ. ಪುಟ ಜೋಡಿಸುವ ಮುನ್ನ ವರ್ಡ್ ಡೀಫಾಲ್ಟ್ ಪ್ರಿಂಟರ್‌ನ ಅಳತೆಗಳನ್ನು ಕೇಳುತ್ತದೆ, ಅದು ಈಗ ಇಲ್ಲದ ನೆಟ್‌ವರ್ಕ್ ಪ್ರಿಂಟರ್ ಆಗಿದ್ದರೆ ಮತ್ತದೇ ಕಾಯುವಿಕೆ. ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಅನ್ನು ಡೀಫಾಲ್ಟ್ ಮಾಡಿ ಒಮ್ಮೆ ತೆರೆದು ನೋಡಿ.